ಪಾಸ್‌ಪೋರ್ಟಿನ ದೃಢೀಕೃತ ಪ್ರತಿ

ಮೂಲ ಪಾಸ್‌ಪೋರ್ಟಿನೊಡನೆ ಹೋಲಿಸಿ ನೋಡಿ, ಅದಕ್ಕೆ ಅನುರೂಪವಾಗಿದೆಯೆಂದು ಅಧಿಕಾರವುಳ್ಳ ವ್ಯಕ್ತಿಯೊಬ್ಬರು ಸಹಿ ಹಾಗೂ ಮೊಹರಿನಿಂದ ಪ್ರಮಾಣೀಕರಿಸಿದ ನಕಲನ್ನು ಪಾಸ್‌ಪೋರ್ಟಿನ ದೃಢೀಕೃತ ಪ್ರತಿ ಎನ್ನುತ್ತಾರೆ. ವಿದೇಶದಲ್ಲಿರುವ ಪತಿ ಅಥವಾ ಪತ್ನಿಯನ್ನು ಸೇರಲು ಸಲ್ಲಿಸುವ ವೀಸಾ ಅರ್ಜಿಯಲ್ಲಿ, ವಿವಾಹ ಪ್ರಮಾಣಪತ್ರದ ಜೊತೆಗೆ ಇಂತಹ ಪ್ರತಿಯನ್ನು ಕೇಳುವುದುಂಟು. ಆಡುಮಾತಿನಲ್ಲಿ ಇದು ‘ಅಟೆಸ್ಟೆಡ್ ಝೆರಾಕ್ಸ್’ ಅಥವಾ ‘ಟ್ರೂ ಕಾಪಿ’.

ಎರಡು ಬಗೆಯ ಪ್ರತಿಗಳು

ಒಂದೇ ಹೆಸರಿನಿಂದ ಕರೆಯಲಾಗುವ ಎರಡು ಬೇರೆ ಬೇರೆ ಪತ್ರಗಳಿವೆ. ಮೂಲ ದಾಖಲೆಯನ್ನು ತನ್ನ ವಶದಲ್ಲಿಟ್ಟುಕೊಂಡಿರುವ ಕಚೇರಿಯೇ ನೀಡುವ ನಕಲು ಒಂದು ಬಗೆಯದು. ವಿವಾಹ ನೋಂದಣಿ ಪುಸ್ತಕದ ನಕಲು ಇದಕ್ಕೆ ಉದಾಹರಣೆ. ಮೂಲವನ್ನು ಕಣ್ಣಾರೆ ಕಂಡು ಹೋಲಿಸಿದವರು ದೃಢೀಕರಿಸುವ ನಕಲು ಇನ್ನೊಂದು ಬಗೆಯದು. ಪಾಸ್‌ಪೋರ್ಟ್ ಅದನ್ನು ಹೊಂದಿರುವವರ ಕೈಯಲ್ಲೇ ಇರುವುದರಿಂದ ಅದರ ಪ್ರತಿ ಸಾಮಾನ್ಯವಾಗಿ ಎರಡನೆಯ ಬಗೆಗೆ ಸೇರುತ್ತದೆ. ಆದರೂ ಅದು ಅವರ ಸ್ವತ್ತಲ್ಲ. 1967ರ ಪಾಸ್‌ಪೋರ್ಟ್ ಅಧಿನಿಯಮದ 17ನೆಯ ಪ್ರಕರಣದಂತೆ ಪಾಸ್‌ಪೋರ್ಟ್ ಸದಾ ಕೇಂದ್ರ ಸರ್ಕಾರದ ಸ್ವತ್ತು.

ದೃಢೀಕರಿಸುವವರು

ಭಾರತದಲ್ಲಿ ಈ ಕಾರ್ಯವನ್ನು ಹೆಚ್ಚಾಗಿ 1952ರ ನೋಟರಿಗಳ ಅಧಿನಿಯಮದಡಿ ನೇಮಕಗೊಂಡ ನೋಟರಿಗಳು ಮಾಡುತ್ತಾರೆ. ಅರ್ಜಿದಾರರು ಮೂಲ ಪಾಸ್‌ಪೋರ್ಟನ್ನೂ ನಕಲನ್ನೂ ಒಯ್ಯಬೇಕು. ಮೂಲವನ್ನು ನೋಡದೆ ಹಾಕಿದ ಮೊಹರಿಗೆ ಅರ್ಥವಿಲ್ಲ. ಹಿಂದೆ ಅಂಕಪಟ್ಟಿಯ ನಕಲಿಗೆ ಪತ್ರಾಂಕಿತ ಅಧಿಕಾರಿಗಳ ಸಹಿ ಪಡೆಯಲು ವಿದ್ಯಾರ್ಥಿಗಳು ಅಲೆಯುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಈಗ ದೇಶದೊಳಗಿನ ಅನೇಕ ಅರ್ಜಿಗಳಿಗೆ ಸ್ವಯಂ ದೃಢೀಕರಣವೇ ಸಾಕು. ವಿದೇಶಿ ದೂತಾವಾಸಗಳು ಆ ರೂಢಿಗೆ ಬದ್ಧವಲ್ಲ. ಯಾರ ಸಹಿ ಬೇಕೆಂಬುದನ್ನು ಆಯಾ ದೇಶದ ಸೂಚನೆಯಲ್ಲೇ ನೋಡಬೇಕು. ವಿದೇಶದಲ್ಲಿರುವ ಸಂಗಾತಿಯು ತನ್ನ ಭಾರತೀಯ ಪಾಸ್‌ಪೋರ್ಟಿನ ಪ್ರತಿಯನ್ನು ಅಲ್ಲಿನ ಭಾರತೀಯ ದೂತಾವಾಸ ಅಥವಾ ಕಾನ್ಸುಲೇಟಿನಲ್ಲಿ ದೃಢೀಕರಿಸಿಕೊಳ್ಳಬಹುದು.

ಭಾವಚಿತ್ರವಿರುವ ಪುಟವನ್ನು ಮಾತ್ರ ನಕಲು ಮಾಡಿಸುವುದು ಸಾಮಾನ್ಯ ತಪ್ಪು. ಭಾರತೀಯ ಪಾಸ್‌ಪೋರ್ಟ್ ಪುಸ್ತಕದಲ್ಲಿ ತಂದೆ, ತಾಯಿ, ಸಂಗಾತಿಯ ಹೆಸರು ಹಾಗೂ ವಿಳಾಸ ಇರುತ್ತಿದ್ದುದು ಕೊನೆಯ ಪುಟದಲ್ಲಿ.

ಹೆಸರಿನ ತೊಡಕು

ನಕಲು ಮೂಲದಂತೆಯೇ ಇದೆ ಎಂಬುದಷ್ಟೇ ದೃಢೀಕರಣದ ಅರ್ಥ. ಮೂಲದಲ್ಲಿರುವ ವಿವರ ಸರಿಯೆಂದಾಗಲಿ, ಬೇರೆ ದಾಖಲೆಗಳೊಡನೆ ಹೊಂದುತ್ತದೆಯೆಂದಾಗಲಿ ಅದು ಹೇಳುವುದಿಲ್ಲ. ಕರ್ನಾಟಕದ ಅರ್ಜಿದಾರರಿಗೆ ತೊಂದರೆ ಎದುರಾಗುವುದು ಹೆಚ್ಚಾಗಿ ಇಲ್ಲಿಯೇ. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರಿಲ್ಲ. ಊರು ಮತ್ತು ತಂದೆಯ ಹೆಸರುಗಳ ಮೊದಲಕ್ಷರವಷ್ಟೇ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಆ ಅಕ್ಷರಗಳನ್ನು ಬಿಡಿಸಿ ಬರೆದಿದ್ದು, ವಿವಾಹ ಪ್ರಮಾಣಪತ್ರದಲ್ಲಿ ಹಾಗೆಯೇ ಉಳಿಸಿದ್ದರೆ, ನಮ್ಮ ಪದ್ಧತಿಯನ್ನರಿಯದ ವೀಸಾ ಅಧಿಕಾರಿಗೆ ಅವರಿಬ್ಬರೂ ಬೇರೆ ಬೇರೆ ವ್ಯಕ್ತಿಗಳೆಂಬ ಸಂಶಯ ಬರಬಹುದು. ಎಷ್ಟು ಮೊಹರುಗಳಿದ್ದರೂ ಈ ವ್ಯತ್ಯಾಸ ಸರಿಹೋಗದು. ವಿವಾಹ ನೋಂದಣಿಯ ಸಮಯದಲ್ಲಿಯೇ ಪಾಸ್‌ಪೋರ್ಟಿನಲ್ಲಿರುವಂತೆ ಹೆಸರು ಬರೆಸುವುದು ಸುಲಭದ ಮಾರ್ಗ.

ಅಪೊಸ್ಟಿಲ್

ಕೆಲವು ಸಂದರ್ಭಗಳಲ್ಲಿ ನೋಟರಿಯ ಸಹಿಯ ಮೇಲೆ ಇನ್ನೂ ಒಂದು ಹಂತದ ದೃಢೀಕರಣ ಬೇಕಾಗುತ್ತದೆ. 1961ರ ಹೇಗ್ ಒಪ್ಪಂದದ ಪ್ರಕಾರ ನೀಡುವ ಅಂತಹ ಪ್ರಮಾಣಪತ್ರವೇ ಅಪೊಸ್ಟಿಲ್. ಈ ಒಪ್ಪಂದ ಭಾರತದಲ್ಲಿ 2005ರಲ್ಲಿ ಜಾರಿಗೆ ಬಂದಿತು. ವಿದೇಶಾಂಗ ಸಚಿವಾಲಯವು ಅಪೊಸ್ಟಿಲ್ ನೀಡುತ್ತದೆ. ಅದಕ್ಕೆ ಮುನ್ನ ರಾಜ್ಯ ಮಟ್ಟದ ದೃಢೀಕರಣ ಅಗತ್ಯ. ಕಾನ್ಸುಲೇಟ್ ಅಧಿಕಾರಿಗಳು ಬರೆದುಕೊಟ್ಟ ಪತ್ರಗಳಿಗೆ ಈ ಒಪ್ಪಂದ ಅನ್ವಯಿಸುವುದಿಲ್ಲ. ಕರಾವಳಿಯ ಅನೇಕ ಕುಟುಂಬಗಳು ತೆರಳುವ ಸಂಯುಕ್ತ ಅರಬ್ ಎಮಿರೇಟ್ಸ್‌ನಂತಹ, ಒಪ್ಪಂದಕ್ಕೆ ಸೇರದ ದೇಶಗಳಿಗೆ ಹೋಗುವವರು ಸಚಿವಾಲಯದ ಮೊಹರಿನ ನಂತರ ಆ ದೇಶದ ದೂತಾವಾಸದ ದೃಢೀಕರಣವನ್ನೂ ಪಡೆಯಬೇಕು.