ದಂಡಿನ ಕಾಯಿದೆಗಳು: ರಾಜ್ಯ ಶಾಸನಾಧಿಕಾರದ ಒಂದು ಪರಿಶೀಲನೆ

ಒಕ್ಕೂಟ ವ್ಯವಸ್ಥೆಯಲ್ಲಿ ರಾಜ್ಯ ಶಾಸನಸಭೆಗಳು ತಮ್ಮ ಕರ್ತವ್ಯವನ್ನು ಸಮರ್ಪಕವಾಗಿ ನೆರವೇರಿಸುತ್ತವೆಯೆ ಎಂಬ ಪ್ರಶ್ನೆಯನ್ನು ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಅಮೆರಿಕ, ಕೆನಡಾಗಳ ನಿದರ್ಶನಗಳಿಂದ ವಿವೇಚಿಸುತ್ತಾರೆ. ಅಷ್ಟು ದೂರ ಹೋಗಬೇಕಾಗಿಲ್ಲ. ಬೆಂಗಳೂರು ದಂಡಿನ ರಿಚರ್ಡ್ಸ್ ಟೌನಿನಂತಹ ಬಡಾವಣೆಗೆ ಕಾಲಕಾಲಕ್ಕೆ ಕಾಯಿದೆ ಮಾಡಿದವರು ಯಾರೆಂದು ನೋಡಿದರೆ ಸಾಕು.

1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರಿಗೆ ಮರಳಿದಾಗ, ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎನಿಸಿದ ದಂಡು ಬ್ರಿಟಿಷರ ಆಡಳಿತದಲ್ಲಿಯೇ ಉಳಿಯಿತು. ಪೇಟೆಗೆ ಮೈಸೂರಿನ ಕಾನೂನು. ದಂಡಿಗೆ ಗವರ್ನರ್ ಜನರಲರ ಪ್ರಕಟಣೆಗಳ ಮೂಲಕ ಅನ್ವಯಿಸಿದ ಬ್ರಿಟಿಷ್ ಇಂಡಿಯದ ಕಾನೂನು. ಅಲ್ಲಿಯ ಆಡಳಿತ ಅಚ್ಚುಕಟ್ಟಾಗಿತ್ತೆಂದು ಹೊಗಳುವವರುಂಟು. ರಿಚರ್ಡ್ಸ್ ಟೌನಿನ ನೇರವಾದ ಬೀದಿಗಳನ್ನು ಕಂಡವರು ಆ ಮಾತನ್ನು ಅಲ್ಲಗಳೆಯಲಾರರು. ಆದರೆ ನಿವಾಸಿಗಳು ಆರಿಸಿ ಕಳುಹಿಸಿದ ಯಾವ ಶಾಸನಸಭೆಯೂ ಆ ಕಾಯಿದೆಗಳನ್ನು ಚರ್ಚಿಸಿರಲಿಲ್ಲ.

1947ರ ಜುಲೈ 26ರಂದು ದಂಡು ಮೈಸೂರಿಗೆ ಹಿಂದಿರುಗಿತು. 1948ರ ಕಾಯಿದೆಯೊಂದು ಮೈಸೂರಿನ ಕಾನೂನುಗಳನ್ನು ಅಲ್ಲಿಗೆ ಅನ್ವಯಿಸಿತು. 1949ರ ಕಾರ್ಪೊರೇಷನ್ ಕಾಯಿದೆ ಪೇಟೆಯ ಮತ್ತು ದಂಡಿನ ಮುನಿಸಿಪಾಲಿಟಿಗಳನ್ನು ಒಂದುಗೂಡಿಸಿತು. 1956ರ ಏಕೀಕರಣದ ಅನಂತರ ಇದೇ ಕಾರ್ಯವನ್ನು ಇನ್ನೂ ದೊಡ್ಡ ಪ್ರಮಾಣದಲ್ಲಿ ಮಾಡಬೇಕಾಯಿತು. ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗುಗಳ ಕಾನೂನುಗಳು ತಮ್ಮ ತಮ್ಮ ಪ್ರದೇಶಗಳಲ್ಲಿ ಜಾರಿಯಲ್ಲಿದ್ದವು. 1961ರ ಬಾಡಿಗೆ ನಿಯಂತ್ರಣ ಕಾಯಿದೆ, 1964ರ ಭೂಕಂದಾಯ ಮತ್ತು ಪುರಸಭೆಗಳ ಕಾಯಿದೆಗಳು ಆ ಭೇದಗಳನ್ನು ಒಂದೊಂದಾಗಿ ಅಳಿಸಿದವು. ಇದು ಬೇಸರದ, ಆದರೆ ಶ್ಲಾಘ್ಯವಾದ ಕೆಲಸ. ದೆಹಲಿಯ ಪಾರ್ಲಿಮೆಂಟಿಗೆ ಇದಕ್ಕೆ ವ್ಯವಧಾನವೂ ಇರುತ್ತಿರಲಿಲ್ಲ, ಸ್ಥಳಜ್ಞಾನವೂ ಇರುತ್ತಿರಲಿಲ್ಲ.

ಹಾಗಾದರೆ ದೋಷವೆಲ್ಲಿ? ಅನ್ಯರ ಕಾನೂನನ್ನು ತಿದ್ದುವಾಗ ದಕ್ಷವಾಗಿದ್ದ ಸಭೆ, ಸ್ವಂತ ಅಧಿಕಾರವನ್ನು ನಗರಕ್ಕೆ ಹಂಚಿಕೊಡಬೇಕಾದಾಗ ಹಿಂಜರಿಯಿತೆಂಬುದು ನನ್ನ ಅಭಿಪ್ರಾಯ. ಸ್ಥಳೀಯ ಸ್ವರಾಜ್ಯವು ಸಂವಿಧಾನದ ರಾಜ್ಯಪಟ್ಟಿಗೆ ಸೇರಿದ ವಿಷಯ. ಅವಧಿ ಮುಗಿಯುವುದರೊಳಗೆ ಪೌರಸಂಸ್ಥೆಗೆ ಚುನಾವಣೆ ನಡೆಯಬೇಕೆಂದು 1993ರಲ್ಲಿ ಜಾರಿಗೆ ಬಂದ 74ನೆಯ ತಿದ್ದುಪಡಿ ವಿಧಿಸುತ್ತದೆ. ಆದರೂ 2006ರಿಂದ 2010ರವರೆಗೆ ಬೆಂಗಳೂರಿಗೆ ಚುನಾಯಿತ ಪಾಲಿಕೆ ಇರಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಮತ್ತೊಂದು ಪಾಲಿಕೆಯ ಅವಧಿ ಮುಗಿದಾಗ ವಾರ್ಡುಗಳನ್ನು 198ರಿಂದ 243ಕ್ಕೆ ಏರಿಸುವ ತಿದ್ದುಪಡಿ ಬಂದಿತು. ಹಳೆಯ ವಾರ್ಡುಗಳಿಗೇ ಚುನಾವಣೆ ನಡೆಸಬೇಕೆಂದು ಆ ಡಿಸೆಂಬರಿನಲ್ಲಿ ಹೈಕೋರ್ಟು ಆಜ್ಞಾಪಿಸಿತು. ಸುಪ್ರೀಂ ಕೋರ್ಟು ಅದಕ್ಕೆ ತಡೆಯಿತ್ತಿತು. 2023ರಲ್ಲಿ ವಾರ್ಡುಗಳ ಸಂಖ್ಯೆ 225 ಆಯಿತು. ಅನಂತರ ಬಂದ ಗ್ರೇಟರ್ ಬೆಂಗಳೂರು ಆಡಳಿತ ಕಾಯಿದೆಯನ್ವಯ 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳು ರಚಿತವಾದವು. ಅವುಗಳ ಮೇಲಿನ ಪ್ರಾಧಿಕಾರಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಈ ಐದು ವರ್ಷಗಳಲ್ಲಿ ರಿಚರ್ಡ್ಸ್ ಟೌನಿನ ಮತದಾರನು ಶಾಸಕನನ್ನೂ ಸಂಸದನನ್ನೂ ಆರಿಸಿದನು. ತನ್ನ ಬೀದಿಯ ದೀಪ, ಚರಂಡಿಗಳನ್ನು ವಿಚಾರಿಸಬೇಕಾದ ಪಾಲಿಕೆಯ ಸದಸ್ಯನನ್ನು ಮಾತ್ರ ಆರಿಸಲಿಲ್ಲ.