ಮಹಾಕೂಟದಲ್ಲಿ ನಾನು ಬಿಟ್ಟು ಓದಿದ ಪದ

ಮಹಾಕೂಟ ಎಂದರೆ ದೇವಾಲಯಗಳ ದೊಡ್ಡ ಕೂಟ ಎಂದೇ ಬಹಳ ವರ್ಷ ತಿಳಿದಿದ್ದೆ. ಬಾದಾಮಿ ಹತ್ತಿರದ ಆ ಹೊಂಡ, ಸುತ್ತಲಿನ ಗುಡಿಗಳನ್ನು ಕಂಡವರಿಗೆ ಬೇರೆ ಅರ್ಥ ಹೊಳೆಯುವುದೂ ಕಷ್ಟ. ಆದರೆ ಚಾಲುಕ್ಯ ಮಂಗಲೇಶನ ಕಾಲದ ಸ್ತಂಭಶಾಸನದಲ್ಲಿ (ಕಂಬ ಈಗ ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ) ದೇವರ ಹೆಸರು ಮಕುಟೇಶ್ವರನಾಥ. ಮಕುಟ ಎಂದರೆ ಕಿರೀಟ. ಒಂದನೆಯ ಪುಲಕೇಶಿಯ ರಾಣಿ ದುರ್ಲಭದೇವಿ ಹತ್ತು ಊರುಗಳ ದತ್ತಿ ಕೊಟ್ಟದ್ದು ಈ ದೇವರಿಗೇ. ಮಕುಟ ಯಾವಾಗಲೋ ಜನರ ಬಾಯಲ್ಲಿ ಮಹಾಕೂಟವಾಯಿತು.

ಕಳೆದ ಸಲ ಅಣ್ಣನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಇಳಕಲ್ಲಿನ ಹುಡುಗಿ, ಪಿಯುಸಿ ಓದುತ್ತಾಳೆ. ಮಹಾಕೂಟೇಶ್ವರ ಗುಡಿಯ ಮುಖಮಂಟಪದ ಕಂಬದಲ್ಲಿ ವಿಜಯಾದಿತ್ಯನ (ಆಳ್ವಿಕೆ 696–733) ಕಾಲದ ಕನ್ನಡ ಶಾಸನವಿದೆ. ಅದರ ಅಚ್ಚಾದ ಪಾಠ ನನ್ನ ಕೈಯಲ್ಲಿತ್ತು. ಓದಿ ಹೇಳುತ್ತಾ ಹೋದೆ. ಅರಸನ ಪ್ರಾಣವಲ್ಲಭೆ ವಿನಾಪೋಟಿ ಹಿರಣ್ಯಗರ್ಭ ದಾನ ಮಾಡಿದಳು, ದೇವರಿಗೆ ಮಾಣಿಕ್ಯದ ಪೀಠ ಮಾಡಿಸಿ ಬೆಳ್ಳಿಯ ಕೊಡೆ ಎತ್ತಿಸಿದಳು, ಹೊಲ ಬಿಟ್ಟಳು.

"ಕಾಕಾ, ನಡುವ ಒಂದು ಶಬ್ದ ಬಿಟ್ರಿ," ಅಂದಳು.

ಬಿಟ್ಟಿದ್ದೆ. ಅದು 'ಸೂಳೆಯರ್'.

ನಾನು ಹೇಳಲು ನಾಚಿದ್ದನ್ನು ಕಲ್ಲು ನಾಚದೆ ಹೇಳಿದೆ. ಅಲ್ಲಿರುವುದು ಒಬ್ಬಳೇ ಹೆಂಗಸು. 'ಅರ್' ಬಂದದ್ದು ಗೌರವಕ್ಕೆ. ಹೆಸರೂ ವಿನಾಪೋಟಿಗಳ್, ನಾವು ಈಗ ಗುರುಗಳು, ಸ್ವಾಮಿಗಳು ಅನ್ನುವ ಹಾಗೆ. ತಂದೆಯ ಹೆಸರಿಲ್ಲ, ತಾಯಿ, ಅಜ್ಜಿಯ ಹೆಸರಿದೆ, ಅವರಿಗೂ 'ಗಳ್' ಇದೆ. ಇನ್ನು ಹಿರಣ್ಯಗರ್ಭ ಸಣ್ಣ ದಾನವಲ್ಲ: ಚಿನ್ನದ ಗರ್ಭದಿಂದ ಮರುಹುಟ್ಟು ಪಡೆಯುವ ವಿಧಿ. 543ರ ಬಾದಾಮಿ ಬಂಡೆ ಶಾಸನ ಇದೇ ಹಿರಿಮೆಯನ್ನು ಪುಲಕೇಶಿಗೆ ಹೇಳುತ್ತದೆ. ಅರಸರು ಮಾಡುತ್ತಿದ್ದುದನ್ನು ಇವಳೂ ಮಾಡಿದಳು, ಕಲ್ಲಿನಲ್ಲಿ ಬರೆಸಿದಳು. ಆ ಪದ ಅವಳಿಗೆ ಬೈಗುಳವಾಗಿದ್ದರೆ ದೇವರ ಮುಂದೆ ಕೊರೆಸುತ್ತಿದ್ದಳೇ? ಹಾಗೆಂದು ಅವಳ ಬಾಳು ಸುಖದ್ದೇ ಆಗಿತ್ತೆಂದು ನಾನು ಹೇಳಲಾರೆ. ಕಂಬ ದಾನದ ಲೆಕ್ಕ ಹೇಳುತ್ತದೆ, ಅಷ್ಟೇ.

ಇಷ್ಟೆಲ್ಲ ವಿವರಿಸಿದೆ, ದನಿ ತಗ್ಗಿಸಿಯೇ. ಅವಳು ನಕ್ಕಳು.

"ನಮ್ಮ ಹುನಗುಂದ ತಾಲೂಕಿನ್ಯಾಗ ಸೂಳೇಭಾವಿ ಅಂತ ಊರೇ ಐತಲ್ಲ ಕಾಕಾ. ಅಲ್ಲಿಗೆ ಹೋಗೂ ಬಸ್ಸಿನ್ಯಾಗ ಟಿಕೀಟ್ ಹೆಂಗ ಕೇಳ್ತೀರಿ?"