ಎಳೆಯರಿಗೆ ಜೀವಲೋಕದ ಪಾಠ: ಶಹಾಪುರದಿಂದ ಒಂದು ಸಮೀಕ್ಷೆ

ಮಳೆಗೆ ಮನೆ ಕರಗಿಹೋಗಿ ನೆನೆದು ಬಂದ ಕಾಗೆಯು ಗುಬ್ಬಿಯ ಬಾಗಿಲನ್ನು ತಟ್ಟುವ ಕಥೆಯು ಬೆಳಗಾವಿಯ ಶಹಾಪುರದ ಕನ್ನಡ ಮನೆಗಳಲ್ಲಿಯೂ ಮರಾಠಿ ಮನೆಗಳಲ್ಲಿಯೂ ಸಮಾನವಾಗಿ ಹೇಳಲ್ಪಡುತ್ತ ಬಂದಿದೆ. ಪ್ರತಿಯೊಂದು ಜೀವಿಗೂ ತನ್ನದೇ ಆದ ಆಶ್ರಯವುಂಟು, ಆ ಆಶ್ರಯವು ಕೆಟ್ಟಾಗ ಅದು ಪರರ ಬಾಗಿಲಿಗೆ ಬರಬೇಕಾಗುವುದು ಎಂಬ ವಿಷಯವನ್ನು, ಶಾಲೆಗಳು ಹುಟ್ಟುವುದಕ್ಕೆ ಎಷ್ಟೋ ಮೊದಲೇ, ಅಜ್ಜಿಯರು ತೊಡೆಯ ಮೇಲಿನ ಕೂಸಿಗೆ ತಿಳಿಯಹೇಳಿದ್ದರು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳನ್ನೂ ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನೂ ಮಾಡುವ ಎಳೆಯ ಕೈಗಳು ಮಣ್ಣಿನ ಗುಣವನ್ನೂ ಪ್ರಾಣಿಯ ಆಕಾರವನ್ನೂ ಏಕಕಾಲದಲ್ಲಿ ಕಲಿಯುತ್ತಿದ್ದುವು. ಆದರೆ ಈ ಪರಂಪರೆಯು ಜೀವಿಗಳ ವಿಷಯದಲ್ಲಿ ಮಮತೆಯನ್ನು ಬೆಳೆಸಿದಷ್ಟು ನಿರೀಕ್ಷಣೆಯನ್ನು ಬೆಳೆಸಲಿಲ್ಲವೆಂಬುದನ್ನು ಒಪ್ಪಬೇಕು. ಪಂಚಮಿಯಂದು ಹುತ್ತಕ್ಕೆ ಹಾಲೆರೆಯುವ ಮಗುವಿಗೆ ನಾಗರದ ನೆಲೆಯು ಗೊತ್ತು, ಆದರೆ ಆ ನೆಲೆಯನ್ನು ಕಟ್ಟಿದುದು ಗೆದ್ದಲೆಂಬುದಾಗಲಿ, ನಾಗರದ ಆಹಾರ ಇಲಿ ಕಪ್ಪೆಗಳೇ ಹೊರತು ಹಾಲಲ್ಲವೆಂಬುದಾಗಲಿ ಗೊತ್ತಿಲ್ಲ.

ಶಾಲೆಯು ಬಂದಾಗ ತಂದುದು ವಸ್ತುಪಾಠವನ್ನು. ಸ್ವಿಟ್ಜರ್ಲೆಂಡಿನ ಪೆಸ್ಟಾಲೊಟ್ಸಿ ಮಹಾಶಯನು ಪುಸ್ತಕದ ಮಾತಿಗಿಂತ ಇಂದ್ರಿಯಾನುಭವವು ಮೊದಲೆಂದು ಸಾರಿದ ಮಹತ್ತಾದ ವಿಚಾರವು, 1830ರ ಸುಮಾರಿಗೆ ಇಂಗ್ಲೆಂಡಿನ ಎಲಿಜಬೆತ್ ಮೇಯೋ ಅವರ ಪಾಠಪುಸ್ತಕದಲ್ಲಿ ಗಾಜು, ತೊಗಲು, ಸಕ್ಕರೆಗಳ ಗುಣಗಳನ್ನು ಒಪ್ಪಿಸುವ ಕ್ರಮವಾಗಿ ಪರಿಣಮಿಸಿತು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥ ಶಿಕ್ಷಣಾಧಿಕಾರಿಗಳು ಕನ್ನಡ ಶಾಲೆಗಳಿಗೆ ಬುನಾದಿ ಹಾಕಿದುದು ಅನಂತರದ ದಶಕಗಳಲ್ಲಿ. ಉಪಾಧ್ಯಾಯರಿಗಾಗಿ 1865ರಲ್ಲಿ ಹೊರಟ ‘ಮಠಪತ್ರಿಕೆ’ಯ ಪರಂಪರೆಯು ಧಾರವಾಡದ ‘ಜೀವನ ಶಿಕ್ಷಣ’ ಮಾಸಪತ್ರಿಕೆಯಲ್ಲಿ ಮುಂದುವರಿದಿದೆ. ಬೆಳಗಾವಿಯು ಬ್ರಿಟಿಷರ ಆಳ್ವಿಕೆಯಲ್ಲಿಯೂ, ಅದಕ್ಕೆ ಅಂಟಿಕೊಂಡ ಶಹಾಪುರವು 1948ರವರೆಗೆ ಸಾಂಗಲಿ ಸಂಸ್ಥಾನದಲ್ಲಿಯೂ ಇದ್ದುದರಿಂದ ಒಂದೇ ಊರಿನಂತಿದ್ದ ಎರಡು ಪೇಟೆಗಳ ಶಾಲೆಗಳು ಇಬ್ಬರು ಒಡೆಯರವಾಗಿದ್ದುವು. ಯಾವ ಒಡೆಯರ ಶಾಲೆಯಾದರೂ ವಸ್ತುಪಾಠದಲ್ಲಿ ಹಸುವೂ ಒಂದು ವಸ್ತುವೇ: ನಾಲ್ಕು ಕಾಲು, ಎರಡು ಕೊಂಬು, ಒಂದು ಬಾಲ. ಅದು ಎಲ್ಲಿ ಮೇಯುವುದು, ಅದರ ಬೆನ್ನ ಮೇಲೆ ಕುಳಿತ ಹಕ್ಕಿಗೆ ಅಲ್ಲೇನು ಕೆಲಸ ಎಂಬ ಪ್ರಶ್ನೆಗಳಿಗೆ ಆ ಪಾಠದಲ್ಲಿ ಸ್ಥಳವಿರಲಿಲ್ಲ.

ಈ ಕೊರತೆಯನ್ನು ತುಂಬಲೆಂದು ಅಮೆರಿಕದಲ್ಲಿ ಹುಟ್ಟಿದ ನಿಸರ್ಗಪಾಠದ ಆಂದೋಲನಕ್ಕೆ 1911ರಲ್ಲಿ ಅನ್ನಾ ಕಾಮ್‌ಸ್ಟಾಕ್ ಅವರ ಬೃಹತ್ ಕೈಪಿಡಿಯು ಆಧಾರಗ್ರಂಥವಾಯಿತು. ಕನ್ನಡದಲ್ಲಿ ಈ ಕಾರ್ಯವನ್ನು ಮಾಡಿದವರು ಇಲಾಖೆಗಳಿಗಿಂತ ಹೆಚ್ಚಾಗಿ ಸಾಹಿತಿಗಳು. ಶಾಲಾ ಇನ್‌ಸ್ಪೆಕ್ಟರರಾಗಿದ್ದ ಪಂಜೆ ಮಂಗೇಶರಾಯರು ಹಾವನ್ನೂ ಗಾಳಿಯನ್ನೂ ಮಕ್ಕಳ ಪದ್ಯಕ್ಕೆ ತಂದರು. ಶಿವರಾಮ ಕಾರಂತರು 1936ರ ಸುಮಾರಿಗೆ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಏಕಾಂಗಿಯಾಗಿ ರಚಿಸಿದರು. ಒಬ್ಬ ಕಾದಂಬರಿಕಾರನು ಮಕ್ಕಳಿಗಾಗಿ ಇಷ್ಟು ಶ್ರಮವಹಿಸಿದುದು ನಮ್ಮ ಭಾಷೆಯ ಭಾಗ್ಯವೆಂದೇ ನಾನು ಭಾವಿಸುತ್ತೇನೆ. ಮುಂದೆ ತೇಜಸ್ವಿಯವರ ‘ಪರಿಸರದ ಕತೆ’ಯು ಇದೇ ದಾರಿಯನ್ನು ಹಿರಿಯ ಮಕ್ಕಳಿಗೆ ವಿಸ್ತರಿಸಿತು.

1937ರ ವಾರ್ಧಾ ಸಮ್ಮೇಲನದಿಂದ ಹೊರಟ ಮೂಲಶಿಕ್ಷಣವು ತೋಟವನ್ನೂ ನೂಲುವಿಕೆಯನ್ನೂ ಪಾಠದ ಕೇಂದ್ರಕ್ಕೆ ತಂದಿತು. ನಮ್ಮ ಗಡಿನಾಡಿಗೆ ಇನ್ನೂ ಹತ್ತಿರದ ಉದಾಹರಣೆಯೆಂದರೆ ತಾರಾಬಾಯಿ ಮೋಡಕರೂ ಅನುತಾಯಿ ವಾಘರೂ ಮಹಾರಾಷ್ಟ್ರದ ಬೋರ್ಡಿಯಲ್ಲಿ 1945ರಿಂದಲೂ ಅನಂತರ ಕೋಸಬಾಡದ ಗುಡ್ಡದಲ್ಲಿಯೂ ವಾರಲಿ ಮಕ್ಕಳ ನಡುವೆ ನಡೆಸಿದ ಪ್ರಯೋಗ. ದನ ಕಾಯುವ ಮಕ್ಕಳು ಶಾಲೆಗೆ ಬಾರದಿದ್ದಾಗ, ಶಾಲೆಯೇ ಹುಲ್ಲುಗಾವಲಿಗೆ ಹೋಯಿತು. ಆ ಹುಲ್ಲುಗಾವಲಿನಲ್ಲಿ ಕಲ್ಲು, ಎಲೆ, ಬೀಜ, ಹಕ್ಕಿಯ ಗರಿಗಳೇ ಉಪಕರಣಗಳಾದುವು.

ಆದರೆ ಮಗುವಿನ ಮನಸ್ಸಿನಲ್ಲಿ ಜೀವವೆಂಬ ಭಾವನೆಯು ಹೇಗೆ ಮೂಡುವುದೆಂಬ ಪ್ರಶ್ನೆಯನ್ನು ಬೇರೊಂದು ಶಾಸ್ತ್ರವೇ ವಿಚಾರಿಸಬೇಕಾಯಿತು. ಚಲಿಸುವುದೆಲ್ಲವೂ ಜೀವವುಳ್ಳದ್ದು, ಆದ್ದರಿಂದ ಸೂರ್ಯನಿಗೂ ಮೋಡಕ್ಕೂ ಜೀವವುಂಟು, ನಿಂತ ಮರಕ್ಕಿಲ್ಲ ಎಂದು ಎಳೆಯ ಮಗು ಬಗೆಯುವುದನ್ನು ಜೀನ್ ಪಿಯಾಜೆ 1920ರ ದಶಕದಲ್ಲಿಯೇ ಗುರುತಿಸಿದರು. ಇದು ವಯಸ್ಸು ಮಾಗದ ಹೊರತು ನೀಗದೆಂಬ ನಿರಾಶೆಯು ಬಹುಕಾಲ ಉಳಿಯಿತು. ಜಪಾನಿನ ಕಯೋಕೋ ಇನಗಾಕಿ 1990ರಲ್ಲಿ ಪ್ರಕಟಿಸಿದ ಅಧ್ಯಯನವು ಆ ನಿರಾಶೆಯನ್ನು ಬಹಳಷ್ಟು ತಗ್ಗಿಸಿತು: ಮನೆಯಲ್ಲಿ ಹೊನ್ನಮೀನನ್ನು ಸಾಕಿದ ಐದು ವರ್ಷದ ಮಕ್ಕಳು, ಸಾಕದ ಮಕ್ಕಳಿಗಿಂತ ಮೀನಿನ ವಿಷಯವನ್ನು ಹೆಚ್ಚು ಬಲ್ಲವರಾಗಿದ್ದುದು ಮಾತ್ರವಲ್ಲ, ತಾವು ಎಂದೂ ಸಾಕದಿದ್ದ ಕಪ್ಪೆಯ ಬಗ್ಗೆ ಕೇಳಿದಾಗಲೂ ಮೀನಿನ ಅನುಭವದಿಂದ ಯುಕ್ತವಾಗಿ ಊಹಿಸಿ ಉತ್ತರಿಸಿದರು. ಒಂದು ಜೀವಿಯನ್ನು ದಿನವೂ ನೋಡಿಕೊಂಡ ಮಗುವಿಗೆ ಮತ್ತೊಂದು ಜೀವಿಯನ್ನು ತಿಳಿಯುವ ದಾರಿ ತೆರೆಯುವುದೆಂಬ ಈ ಒಂದು ಅಂಶವು, ನನ್ನ ಮಟ್ಟಿಗೆ, ನೂರು ಚಿತ್ರಪಟಗಳಿಗಿಂತ ಹೆಚ್ಚಿನದು.

ಸರಕಾರದ ಹೆಜ್ಜೆಗಳನ್ನು ಬೇಗನೆ ದಾಟಬಹುದು. 1975ರಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಕರ್ನಾಟಕದಲ್ಲಿ ತಿ. ನರಸೀಪುರದಿಂದ ಮೊದಲಾಗಿ, ಅಂಗನವಾಡಿಯು ಹಳ್ಳಿಹಳ್ಳಿಗೆ ಬಂದಿತು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಸರ ಶಿಕ್ಷಣವನ್ನು ಕಡ್ಡಾಯಗೊಳಿಸಬೇಕೆಂದು ಆದೇಶಿಸಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ಪದ್ಧತಿಯು 2009ರ ಹೊತ್ತಿಗೆ ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಕಿರಿಯ ತರಗತಿಗಳನ್ನು ವ್ಯಾಪಿಸಿ, ಕಾರ್ಡು, ಹಾಡು, ಗುಂಪುಚಟುವಟಿಕೆಗಳ ಮೂಲಕ ಪರಿಸರ ಅಧ್ಯಯನವನ್ನೂ ಒಳಗೊಂಡಿತು. ಕಂಠಪಾಠದ ಹೊರೆಯನ್ನು ಇಳಿಸಿದ ಕೀರ್ತಿ ಅದಕ್ಕೆ ಸಲ್ಲಬೇಕು. ಆದರೆ ಇಡೀ ರಾಜ್ಯಕ್ಕೊಂದೇ ಆದ ಕಾರ್ಡಿನಲ್ಲಿ ಯಾವ ಊರಿನ ಕೆರೆಯೂ ಇರುವುದು ಸಾಧ್ಯವಿಲ್ಲ. ಕಾಡಿನ ಚಿತ್ರದಲ್ಲಿ ಸಿಂಹವನ್ನು ಕೂಡಿಸಿ, ನೀರಿನ ಚಿತ್ರದಲ್ಲಿ ಕಮಲವನ್ನಿಟ್ಟು, ಗೆರೆಯೆಳೆದು ಜೋಡಿಸಿರೆಂದು ಹೇಳುವ ಅಭ್ಯಾಸಗಳು ನಮ್ಮ ಶಿಶುವಿಹಾರಗಳಲ್ಲಿ ಇಂದಿಗೂ ಹೇರಳವಾಗಿವೆ. ಕರ್ನಾಟಕದ ಯಾವ ಕಾಡಿನಲ್ಲಿಯೂ ಸಿಂಹವಿಲ್ಲ. ಬೆಳಗಾವಿಯ ಬಳಿಯ ಭೂತರಾಮನಹಟ್ಟಿಯ ಪ್ರಾಣಿಸಂಗ್ರಹಾಲಯಕ್ಕೆ ಕರೆದೊಯ್ದರೆ ಮಗು ಪ್ರಾಣಿಯನ್ನೇನೋ ಕಾಣುವುದು, ಅದರ ನೆಲೆಯನ್ನು ಕಾಣದು.

ನೆಲೆಯನ್ನು ತೋರಿಸುವುದಕ್ಕೆ ಬೆಳಗಾವಿಯಂಥ ಸೀಮೆ ಬೇರೊಂದು ದೊರೆಯುವುದು ದುರ್ಲಭ. ಮೂಡಲಿಗೆ ಹತ್ತಿ ಜೋಳ ಬೆಳೆಯುವ ಎರೆಯ ಬಯಲು. ಪಡುವಲಿಗೆ ಖಾನಾಪುರದ ದಟ್ಟವಾದ ಸಹ್ಯಾದ್ರಿ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಮೂಡಣ ಕಡಲಿನ ಕಡೆಗೂ, ಅದೇ ತಾಲೂಕಿನ ಮಹದಾಯಿಯು ಪಡುವಣ ಕಡಲಿಗೂ ಹರಿಯುವುವು. ಸುಮಾರು 190 ಚದರ ಕಿಲೋಮೀಟರಿನ ಭೀಮಗಡವು 2011ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲಿಯ ಬಾರಾಪೇಡೆ ಗವಿಗಳಲ್ಲಿ ವಾಸಿಸುವ ರಾಟನ್ನನ ಬಾವಲಿಯನ್ನು 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ವಿಜ್ಞಾನಕ್ಕೆ ಪರಿಚಯಿಸಿದ ಮೇಲೆ, ಬಹು ದಶಕಗಳವರೆಗೆ ಅದು ಜಗತ್ತಿನಲ್ಲಿ ಬೇರೆಲ್ಲಿಯೂ ಕಂಡಿರಲಿಲ್ಲ. ಒಂದು ಜೀವಿಗೆ ಒಂದು ನೆಲೆಯೇ ಸರ್ವಸ್ವವಾಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠವಿಲ್ಲ; ಆದರೂ ಖಾನಾಪುರದ ಎಷ್ಟು ಮಕ್ಕಳು ಈ ಬಾವಲಿಯ ಹೆಸರನ್ನು ಕೇಳಿರುವರು? ಗವಿಯೊಳಕ್ಕೆ ಮಕ್ಕಳನ್ನು ಒಯ್ಯಬೇಕೆಂದು ನಾನು ಹೇಳುತ್ತಿಲ್ಲ, ಹಾಗೆ ಮಾಡಲೂಬಾರದು, ಕಥೆಯಾಗಿ ಹೇಳಬಹುದು. ಖಾನಾಪುರವು ಕುಂಬಾರಿಕೆಗೆ ಹೆಸರಾದ ಊರು. ಅಲ್ಲಿಯ ಮಣ್ಣಿನಿಂದಲೇ ಬಾವಲಿಯನ್ನೂ ಗವಿಯನ್ನೂ ಮಕ್ಕಳು ಮಾಡಬಹುದು.

ಶಹಾಪುರದ ಮಕ್ಕಳಿಗೆ ಕಾಡು ದೂರವಾದರೆ ಗದ್ದೆಯು ಹತ್ತಿರ. ಶಹಾಪುರ, ವಡಗಾವಿ, ಯಳ್ಳೂರುಗಳ ನಡುವೆ ಬಾಸುಮತಿ ಬೆಳೆಯುವ ಬಯಲು ವರ್ಷವರ್ಷಕ್ಕೆ ರಸ್ತೆಗೂ ಮನೆಗಳಿಗೂ ಎಡೆಗೊಟ್ಟು ಕಿರಿದಾಗುತ್ತಿದ್ದರೂ, ಮೊದಲ ಮಳೆಗೆ ಅಲ್ಲಿ ಕಪ್ಪೆ ಕೂಗುವುದು, ಏಡಿ ಬಿಲದಿಂದ ಏಳುವುದು, ಬೆಳ್ಳಕ್ಕಿ ಇಳಿಯುವುದು ಇನ್ನೂ ನಿಂತಿಲ್ಲ. ಅಂಗನವಾಡಿಯ ಕಾರ್ಯಕರ್ತೆಯರಲ್ಲಿಯೂ ಕನ್ನಡ, ಮರಾಠಿ, ಉರ್ದು ಶಾಲೆಗಳ ಗುರುಗಳಲ್ಲಿಯೂ ಅಕ್ಕೋರಲ್ಲಿಯೂ ನನ್ನ ವಿನಂತಿಯಿಷ್ಟೆ: ಈ ಜೂನ್ ತಿಂಗಳಿನಲ್ಲಿ ಕಾರ್ಡುಗಳನ್ನು ತೆರೆಯುವುದಕ್ಕೆ ಮೊದಲು ಮಕ್ಕಳನ್ನು ಒಮ್ಮೆ ಆ ಗದ್ದೆಯ ಬದುವಿಗೆ ಕರೆದುಕೊಂಡು ಹೋಗಿರಿ, ಬದುವಿನ ಹೊಂಡದಲ್ಲಿ ಗೊದಮೊಟ್ಟೆ ಕಂಡರೆ, ಅದಕ್ಕೆ ಕಾಲು ಮೂಡುವವರೆಗೂ ವಾರಕ್ಕೊಮ್ಮೆ ಅದೇ ಹೊಂಡಕ್ಕೆ ಮತ್ತೆ ಹೋಗಿರಿ.